ಟೆರೇಸ್ ಮೇಲಿನ ಸೋಲಾರ್: ಚಿತ್ರದುರ್ಗ, ದಾವಣಗೆರೆ ಮನೆಗಳ ಲೆಕ್ಕವೇ ಬೇರೆ

ದಾವಣಗೆರೆಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಬೋರ್ಡ್ ಗೊತ್ತಿರುತ್ತದೆ: ‘ಮನೆ ಬಾಡಿಗೆಗೆ ಇದೆ. ಬೋರ್ ಇದೆ, ಸೋಲಾರ್ ಇದೆ.’ ಇಲ್ಲಿ ಸೋಲಾರ್ ಅಂದರೆ ಬಿಸಿನೀರು. ಕರೆಂಟ್ ಅಂತ ಯಾರೂ ಅಂದುಕೊಳ್ಳುವುದಿಲ್ಲ. ‘ನಿಮ್ಮನೇಲಿ ಸೋಲಾರ್ ಐತಾ?’ ಅಂತ ಕೇಳಿದರೆ ‘ಐತೆ, ಆದ್ರೆ ಮಳೆಗಾಲದಾಗೆ ಸ್ವಲ್ಪ ಕಷ್ಟ’ ಅನ್ನುವ ಉತ್ತರ ಬರುತ್ತದೆ. ನಮ್ಮ ಬೀದಿಯ ಟೆರೇಸ್‌ಗಳ ಮೇಲೆ ಬಿಸಿನೀರಿನ ಟ್ಯಾಂಕ್‌ಗಳು ಸಾಲಾಗಿ ಕೂತಿವೆ. ಕರೆಂಟ್ ಕೊಡುವ ಪ್ಯಾನಲ್ ಇರುವುದು ಎರಡೇ ಮನೆ ಮೇಲೆ. ಪ್ಯಾನಲ್ ಹಾಕಿಸಿ, ಸಬ್ಸಿಡಿ ಇದೆ ಅಂತ ದಿನವೂ ಯಾರಿಗಾದರೂ ಫೋನ್ ಬರುತ್ತಲೇ ಇರುತ್ತದೆ. ಆದರೂ ಎರಡೇ ಮನೆ.

ಜನಕ್ಕೆ ತಿಳುವಳಿಕೆ ಇಲ್ಲ ಅನ್ನುವುದು ಇದಕ್ಕೆ ಸುಲಭದ ಉತ್ತರ. ನಾನು ಅದನ್ನು ಒಪ್ಪುವುದಿಲ್ಲ. ಇದೇ ಜನ ಬಿಸಿನೀರಿನ ಸೋಲಾರನ್ನು ಮನೆಗೆ ತಂದುಕೊಂಡರು. ಕೆಟ್ಟಾಗ ರಿಪೇರಿ ಮಾಡಿಸಿಕೊಂಡರು. ತಮ್ಮ ನೀರಿಗೆ, ತಮ್ಮ ಬಚ್ಚಲಿಗೆ ತಕ್ಕಂತೆ ಬದಲಾಯಿಸಿಕೊಂಡರು. ಸರ್ಕಾರದ ಯೋಜನೆಗಳು ಕಿಲೋವ್ಯಾಟ್ ಎಣಿಸುತ್ತವೆ. ಮನೆಯವರು ಕೆಲಸ ಎಣಿಸುತ್ತಾರೆ. ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯುತ್ತಾ? ರಾತ್ರಿ ಕರೆಂಟ್ ಹೋದರೆ ಮಗುವಿನ ಫ್ಯಾನ್ ತಿರುಗುತ್ತಾ? ದನದ ಕೊಟ್ಟಿಗೆಗೆ ಬೆಳಕು ಸಿಗುತ್ತಾ? ಈ ಎರಡು ಲೆಕ್ಕ ಎಲ್ಲಿ ಕೂಡುತ್ತವೋ ಅಲ್ಲಿ ಸೋಲಾರ್ ಉಳಿಯುತ್ತದೆ. ಕೂಡದ ಕಡೆ ಎಷ್ಟೇ ಸಬ್ಸಿಡಿ ಕೊಟ್ಟರೂ ಜನ ಹಿಂದೆ ಸರಿಯುತ್ತಾರೆ.

ಮೊದಲು ಬಿಸಿನೀರಿನ ಮಾತು. ನೂರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 3 ಯೂನಿಟ್ ಕರೆಂಟ್ ಬೇಕು. ನಾಲ್ಕು ಜನರ ಮನೆಯಲ್ಲಿ ದಿನಾ ಗೀಜರ್ ಹಾಕಿದರೆ ಸ್ನಾನಕ್ಕೇ ತಿಂಗಳಿಗೆ 90 ಯೂನಿಟ್ ಹೋಗುತ್ತದೆ. ಲೈಟು, ಫ್ಯಾನು, ಟಿವಿ ಎಲ್ಲ ಸೇರಿದರೂ ಎಷ್ಟೋ ಮನೆಗಳಲ್ಲಿ ಅಷ್ಟು ಆಗುವುದಿಲ್ಲ. ಹಾಗಾಗಿ ಬಿಸಿಲಿನಿಂದ ಒಂದೇ ಒಂದು ಕೆಲಸ ಮಾಡಿಸಿಕೊಳ್ಳಬಹುದು ಅಂದರೆ ನೀರು ಕಾಯಿಸುವುದೇ ಸರಿ. ನಮ್ಮವರು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಲಿಲ್ಲ. ಆದರೆ ಕಂಡುಕೊಂಡರು.

ಅದರಲ್ಲೂ ಎಲ್ಲ ಸಲೀಸಾಗಿ ಆಗಲಿಲ್ಲ. ದುರ್ಗ, ಚಳ್ಳಕೆರೆ, ಜಗಳೂರು ಕಡೆ ಬೋರ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅದೇ ಪದರ ಸೋಲಾರ್ ಹೀಟರಿನ ಒಳಗೂ ಕೂರುತ್ತದೆ. ತಾಮ್ರದ ಸಣ್ಣ ಕೊಳವೆ ಇರುವ ಚಪ್ಪಟೆ ಪ್ಯಾನಲ್ ಆದರೆ ಕೆಲವೇ ವರ್ಷದಲ್ಲಿ ಕೊಳವೆ ಕಟ್ಟಿಕೊಳ್ಳುತ್ತದೆ. ಬಿಸಿಲು ಚೆನ್ನಾಗಿದ್ದರೂ ನೀರು ಉಗುರುಬೆಚ್ಚಗೆ ಬರುತ್ತದೆ. ಗಾಜಿನ ಟ್ಯೂಬ್ ಇರುವ ಹೀಟರ್ ಇಂಥ ನೀರನ್ನು ಸ್ವಲ್ಪ ಜಾಸ್ತಿ ತಡೆದುಕೊಳ್ಳುತ್ತದೆ. ಟ್ಯೂಬ್ ಅಗಲವಾಗಿರುತ್ತದೆ, ಬಿಚ್ಚಿ ತೊಳೆಯಬಹುದು, ಒಂದು ಒಡೆದರೆ ಅದೊಂದನ್ನೇ ಹಾಕಿಸಬಹುದು. ಆದರೆ ಅದಕ್ಕೆ ಬೇರೆ ಕಾಟಗಳಿವೆ. ಒಂದು, ಕೋತಿ. ಇನ್ನೊಂದು, ಟ್ಯಾಂಕ್ ಖಾಲಿಯಾಗಿ ಮಧ್ಯಾಹ್ನದ ಬಿಸಿಲಿಗೆ ಕಾದ ಟ್ಯೂಬಿಗೆ ದಿಢೀರನೆ ತಣ್ಣೀರು ಬಿದ್ದರೆ ಪಟ್ ಅಂತ ಒಡೆಯುತ್ತದೆ. ನೀರು ವಾರಕ್ಕೆ ಎರಡು ಸಲ ಬರುವ ಏರಿಯಾಗಳಲ್ಲಿ ಹೀಗಾಗುವುದು ಹೆಚ್ಚು. ಅಲ್ಲಿಯ ಹೆಂಗಸರು ಒಂದು ರೂಢಿ ಮಾಡಿಕೊಂಡಿದ್ದಾರೆ. ಸಿಂಟೆಕ್ಸ್ ಖಾಲಿಯಾಗಿದ್ದರೆ ಸಂಜೆ ಹೊತ್ತು ಮುಳುಗಿದ ಮೇಲೇ ಮೋಟರ್ ಹಾಕುವುದು. ಯಾವ ಕಂಪನಿಯ ಪುಸ್ತಕ ಓದಿಯೂ ಕಲಿತದ್ದಲ್ಲ ಇದು. ಟ್ಯೂಬಿಗೆ ದುಡ್ಡು ಕೊಟ್ಟು ಕಲಿತದ್ದು.

ಇನ್ನೊಂದು ವಿಷಯ. ಟ್ಯಾಂಕಿನ ನೀರು ತುಂಬಾ ಬಿಸಿ ಇರುವುದು ಸಂಜೆ. ನಾವು ಸ್ನಾನ ಮಾಡುವುದು ಬೆಳಿಗ್ಗೆ. ರಾತ್ರಿ ಪಾತ್ರೆ ತೊಳೆಯಲು ಬಿಸಿನೀರು ಬಿಟ್ಟರೆ ಅಷ್ಟೇ ತಣ್ಣೀರು ಟ್ಯಾಂಕಿಗೆ ಬಂದು ಸೇರುತ್ತದೆ, ಬೆಳಿಗ್ಗೆ ಕೊನೆಗೆ ಸ್ನಾನಕ್ಕೆ ಹೋದವರಿಗೆ ನಡುಕ. ನಲ್ಲಿ ತಿರುಗಿಸಿದ ಕೂಡಲೇ ಬರುವ ಮೂರ್ನಾಲ್ಕು ಲೀಟರ್ ಪೈಪಿನಲ್ಲಿ ನಿಂತ ತಣ್ಣೀರು. ಅದನ್ನು ಚೆಲ್ಲುವ ಮನೆ ನಮ್ಮ ಕಡೆ ಕಡಿಮೆ. ನಲ್ಲಿ ಕೆಳಗೆ ಒಂದು ಬಕೆಟ್ ಕಾಯಂ ಇರುತ್ತದೆ, ಆ ನೀರು ಬಟ್ಟೆ ನೆನೆಹಾಕಲು ಹೋಗುತ್ತದೆ. ಹಳೇ ಬಚ್ಚಲ ಒಲೆ, ಹಂಡೆಯನ್ನೂ ಎಷ್ಟೋ ಮನೆಗಳಲ್ಲಿ ತೆಗೆದಿಲ್ಲ. ಆಷಾಢ, ಶ್ರಾವಣದಲ್ಲಿ ಮೋಡ ಮುಚ್ಚಿದ ದಿನ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಅಡಿಕೆ ಸಿಪ್ಪೆ ಹಾಕಿ ಉರಿ ಹಚ್ಚುತ್ತಾರೆ. ಹೊಸದು ಬಂದರೆ ಹಳೇದು ಹೋಗಬೇಕು ಅನ್ನುವ ಹಟ ಮನೆಗಳಿಗಿಲ್ಲ. ಎರಡನ್ನೂ ಇಟ್ಟುಕೊಳ್ಳುತ್ತವೆ. ನನ್ನ ಪ್ರಕಾರ ಬಿಸಿನೀರಿನ ಸೋಲಾರ್ ಇಷ್ಟು ವರ್ಷ ಬಾಳಿದ್ದಕ್ಕೆ ದೊಡ್ಡ ಕಾರಣವೇ ಇದು. ಅದು ಸೋತ ದಿನ ಆಸರೆಗೆ ಹಂಡೆ ಇತ್ತು.

ಈಗ ಕರೆಂಟಿನ ಸೋಲಾರ್. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ‘ಪಿಎಂ ಸೂರ್ಯ ಘರ್’ ಯೋಜನೆ ತಂದಿತು. ₹75,021 ಕೋಟಿಯ ಯೋಜನೆ, 1 ಕೋಟಿ ಮನೆಗಳ ಗುರಿ. 1 ಕಿಲೋವ್ಯಾಟ್ ಹಾಕಿಸಿದರೆ ₹30,000 ಸಬ್ಸಿಡಿ, 2 ಕಿಲೋವ್ಯಾಟ್‌ಗೆ ₹60,000, 3 ಅಥವಾ ಅದಕ್ಕಿಂತ ಜಾಸ್ತಿಗೆ ₹78,000. ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ನಮ್ಮ ಎರಡೂ ಜಿಲ್ಲೆ ಬರುವುದು ಕರೆಂಟ್ ಹಂಚುವ ಬೆಸ್ಕಾಂ ಕಂಪನಿಯ ವ್ಯಾಪ್ತಿಗೆ. ನೆಟ್ ಮೀಟರ್ ಹಾಕುವವರು ಅವರೇ. ಹಗಲು ಪ್ಯಾನಲ್ ತಯಾರಿಸಿದ ಕರೆಂಟಿನಲ್ಲಿ ನಾವು ಬಳಸಿ ಉಳಿದದ್ದು ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ನಮಗೆ ಬರುತ್ತದೆ, ತಿಂಗಳ ಕೊನೆಗೆ ಒಂದರಲ್ಲಿ ಇನ್ನೊಂದನ್ನು ಕಳೆಯುತ್ತಾರೆ.

ಬಿಸಿಲಿಗೇನೂ ಬರ ಇಲ್ಲ. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನಿಂತಿರುವುದೇ ಈ ಬಿಸಿಲಿನ ಬಲದಿಂದ. ನಮ್ಮ ಟೆರೇಸ್ ಮೇಲೆ 1 ಕಿಲೋವ್ಯಾಟ್ ಹಾಕಿದರೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಲೆಕ್ಕ ಇಟ್ಟುಕೊಳ್ಳಬಹುದು. ತಿಂಗಳಿಗೆ 120. 3 ಕಿಲೋವ್ಯಾಟ್ ಆದರೆ 350ರ ಆಸುಪಾಸು. ಖರ್ಚು ಸುಮಾರು ₹2 ಲಕ್ಷ, ಸಬ್ಸಿಡಿ ಕಳೆದರೆ ₹1.22 ಲಕ್ಷ. ತಿಂಗಳಿಗೆ 300 ಯೂನಿಟ್ ಸುಡುವ, ಏಸಿ, ಫ್ರಿಜ್, ವಾಷಿಂಗ್ ಮಷಿನ್ ಎಲ್ಲ ಇರುವ ಮನೆಗೆ ಯೂನಿಟ್‌ಗೆ ಸುಮಾರು ₹6ರಂತೆ, ತೆರಿಗೆ ಸೇರಿ ತಿಂಗಳಿಗೆ ₹1,900 ಉಳಿಯುತ್ತದೆ. ಐದಾರು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಪ್ಯಾನಲ್ 25 ವರ್ಷ ಬಾಳುತ್ತದೆ. ಅಂಥ ಮನೆಯವರು ಕಣ್ಣು ಮುಚ್ಚಿಕೊಂಡು ಹಾಕಿಸಬಹುದು. ನಿಗದಿತ ಶುಲ್ಕ ಮಾತ್ರ ಆಗಲೂ ಕಟ್ಟಬೇಕು, ಅದು ಹೋಗುವುದಿಲ್ಲ.

ಆದರೆ ನಮ್ಮಲ್ಲಿ ಅಂಥ ಮನೆಗಳು ಎಷ್ಟು? ಇಲ್ಲಿಗೆ ಗೃಹಜ್ಯೋತಿ ಬರುತ್ತದೆ. 2023ರ ಜುಲೈ ತಿಂಗಳ ಬಳಕೆಯಿಂದ ರಾಜ್ಯದಲ್ಲಿ ಮನೆಗಳಿಗೆ ಉಚಿತ ಕರೆಂಟ್ ಶುರುವಾಯಿತು. 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಆ ಮನೆಯ ಮಿತಿ ನಿಗದಿ ಮಾಡಿದರು. ಹೇಗಿದ್ದರೂ 200 ಯೂನಿಟ್ ದಾಟುವಂತಿಲ್ಲ, ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ತನ್ನ ಮಿತಿಯೊಳಗೇ ತಿಂಗಳಿಗೆ 80, 100 ಯೂನಿಟ್ ಬಳಸುವ ಮನೆಗೆ ಈಗ ಬಿಲ್ ಸೊನ್ನೆ. ಸೊನ್ನೆ ಬಿಲ್ಲಿನಲ್ಲಿ ಉಳಿಸುವುದು ಏನನ್ನು? ₹1.22 ಲಕ್ಷ ಹಾಕಿದರೆ ಬಿಲ್ಲಿನಲ್ಲಿ ಸಿಗುವ ಲಾಭವೂ ಸೊನ್ನೆ. ಬಳಸದೆ ಉಳಿದ ಕರೆಂಟನ್ನು ಬೆಸ್ಕಾಂಗೆ ಮಾರಬಹುದು ಅನ್ನುತ್ತಾರೆ, ಆದರೆ ಅವರು ಕೊಡುವ ದರ ನಾವು ಕೊಡುವ ದರಕ್ಕಿಂತ ತುಂಬಾ ಕಡಿಮೆ. ಕೇಂದ್ರದ ಯೋಜನೆ ಮನೆಯ ಬಿಲ್ ಇಳಿಸಲು ಬಂತು. ಅಷ್ಟರಲ್ಲಿ ರಾಜ್ಯದ ಯೋಜನೆ ಬಿಲ್ಲನ್ನೇ ತೆಗೆದಿತ್ತು. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಒಂದೇ ಮನೆಯ ಬಾಗಿಲಲ್ಲಿ ಎದುರಾದಾಗ ಒಂದು ಇನ್ನೊಂದರ ಅಗತ್ಯವನ್ನೇ ಅಳಿಸಿತು. ಪ್ಯಾನಲ್ ಬೇಡ ಅಂದ ಮನೆಯವರನ್ನು ತಿಳಿಗೇಡಿಗಳು ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಇದರಲ್ಲಿ ನನಗೆ ನಿಜಕ್ಕೂ ಬೇಸರ ತರುವ ಒಂದು ಅಂಶ ಇದೆ. ಮಿತಿ ನಿಗದಿ ಮಾಡಿದ್ದು 2022–23ರ ಬಳಕೆ ನೋಡಿ. ಅದಕ್ಕೂ ಮೊದಲೇ ಸೋಲಾರ್ ಹೀಟರ್ ಹಾಕಿಸಿ ಕರೆಂಟ್ ಉಳಿಸಿದ ಮನೆಯ ಸರಾಸರಿ ಕಡಿಮೆ ಇತ್ತು, ಹಾಗಾಗಿ ಅವರ ಉಚಿತ ಮಿತಿಯೂ ಕಡಿಮೆ. ಪಕ್ಕದ ಮನೆಯವರು ದಿನಾ ಎರಡು ಗಂಟೆ ಗೀಜರ್ ಉರಿಸುತ್ತಿದ್ದರು, ಅವರ ಮಿತಿ ಜಾಸ್ತಿ. ಉಳಿಸಿದವರಿಗೆ ಕಡಿಮೆ, ಸುಟ್ಟವರಿಗೆ ಹೆಚ್ಚು. ಹೀಗಾಗಬೇಕು ಅಂತ ಯಾರೂ ಬಯಸಿರಲಿಕ್ಕಿಲ್ಲ. ಆದರೆ ಆಗಿದ್ದು ಇದೇ. ಸೋಲಾರ್ ಹೀಟರ್ ಇರುವ ಮನೆಗಳಿಗೆ ಮಿತಿಯಲ್ಲಿ ಒಂದಿಷ್ಟು ಯೂನಿಟ್ ಸೇರಿಸಿ ಕೊಡುವುದು ಕಷ್ಟದ ಕೆಲಸ ಏನಲ್ಲ.

ಹಾಗಾದರೆ ಬಿಲ್ ಸೊನ್ನೆ ಇರುವ ಮನೆಗೆ ಸೋಲಾರ್ ಬೇಡವಾ? ಬೇಕು. ಆದರೆ ಬೇರೆ ಕಾರಣಕ್ಕೆ. ಅದನ್ನು ನಾನು ಕಲಿತದ್ದು ದೊಡ್ಡಮ್ಮನ ಮನೆಯಲ್ಲಿ.

ದೊಡ್ಡಮ್ಮನ ಮನೆ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆಯ ಮುಂಭಾಗದ ಎರಡು ಅಂಕಣ ಹಳೇ ಮಣ್ಣಿನ ಮಾಳಿಗೆ, ಹಿಂದೆ ಸ್ವಲ್ಪ ಆರ್‌ಸಿಸಿ, ಪಕ್ಕದಲ್ಲಿ ತಗಡಿನ ಕೊಟ್ಟಿಗೆ. ಎರಡು ಎಮ್ಮೆ, ಒಂದು ಹಸು. ಅಣ್ಣ, ಅಂದರೆ ದೊಡ್ಡಮ್ಮನ ಮಗ, 3 ಕಿಲೋವ್ಯಾಟ್ ಹಾಕಿಸೋಣ ಅಂತ ನನ್ನನ್ನು ಕರೆಸಿದ್ದ. ಕೂತು ನೋಡಿದೆವು. ಬಳಕೆ ತಿಂಗಳಿಗೆ 60 ಯೂನಿಟ್ ಚಿಲ್ಲರೆ. ಬಿಲ್ ಸೊನ್ನೆ. ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ. ಅರ್ಜಿ ಹಾಕುವವರ ಹೆಸರೂ ಬಿಲ್ಲಿನ ಹೆಸರೂ ಒಂದೇ ಇರಬೇಕು. ಅಜ್ಜನ ಹೆಸರು ತೆಗೆಸಬೇಕಾದರೆ ಖಾತೆ ಬದಲಾಗಬೇಕು, ಖಾತೆ ಬದಲಾಗಬೇಕಾದರೆ ಮೂವರು ಅಣ್ಣತಮ್ಮಂದಿರು, ಇಬ್ಬರು ಅತ್ತೆಯರು ಸಹಿ ಹಾಕಬೇಕು. ಪಾಲಾಗದ ಮನೆ ಯಾವುದಾದರೂ ತಗೊಳ್ಳಿ, ಇದೇ ಕತೆ. ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಅರ್ಜಿ ಅದು, ಮನೆಯೊಳಗೆ ಹತ್ತು ವರ್ಷದ ವ್ಯಾಜ್ಯ ಎಬ್ಬಿಸಬಹುದು.

ಅಣ್ಣ ಇನ್ನೂ ಆಸೆ ಬಿಟ್ಟಿರಲಿಲ್ಲ. ಆಗ ದೊಡ್ಡಮ್ಮ ಒಂದು ಪ್ರಶ್ನೆ ಕೇಳಿದಳು. ‘ಅದು ಹಾಕ್ಸಿದ್ರೆ ಕರೆಂಟ್ ಹೋದಾಗ ಲೈಟ್ ಉರೀತಾವೇನಪ್ಪಾ?’

ಇಲ್ಲ ದೊಡ್ಡಮ್ಮ, ಉರಿಯಲ್ಲ ಅಂದೆ. ಅವಳಿಗೆ ನಂಬಲಾಗಲಿಲ್ಲ. ‘ಬಿಸ್ಲು ಇದ್ರೂನಾ?’

ಬಿಸಿಲು ಇದ್ದರೂ ಇಲ್ಲ. ಇದು ಎಷ್ಟೋ ಜನಕ್ಕೆ ಪ್ಯಾನಲ್ ಹಾಕಿಸಿದ ಮೇಲೆ ಗೊತ್ತಾಗುವ ಸಂಗತಿ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕೆಟ್ಟು ನಿಲ್ಲುವುದಲ್ಲ, ಹಾಗೆಯೇ ಮಾಡಿರುತ್ತಾರೆ. ಲೈನ್ ಆಫ್ ಇದೆ ಅಂತ ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ಆ ಹೊತ್ತಿನಲ್ಲಿ ಯಾರದೋ ಟೆರೇಸಿನಿಂದ ಕರೆಂಟ್ ತಂತಿಗೆ ಹರಿದರೆ ಅವನ ಜೀವ ಹೋಗುತ್ತದೆ. ಹಾಗಾಗಿ ನಿಲ್ಲಲೇಬೇಕು. ಸರಿಯಾದ ನಿಯಮ. ಆದರೆ ಇದನ್ನು ಸಹಿ ಹಾಕಿಸಿಕೊಳ್ಳುವ ಮೊದಲೇ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹೇಳಬೇಕಲ್ವಾ? ಸೂರ್ಯ ಘರ್ ಸಬ್ಸಿಡಿ ಇರುವುದು ಪ್ಯಾನಲ್ಲಿಗೆ. ಬ್ಯಾಟರಿಗೆ ಅಂತ ಹೆಚ್ಚಿಗೆ ಏನೂ ಸಿಗುವುದಿಲ್ಲ. ಹಳ್ಳಿ ಮನೆಗೆ ಬೇಕಿದ್ದದ್ದು ಮಾತ್ರ ಬ್ಯಾಟರಿಯೇ. ಗಾಳಿ ಮಳೆ ಬಂದರೆ ಗಂಟೆಗಟ್ಟಲೆ ಕರೆಂಟ್ ಇಲ್ಲ. ರಾತ್ರಿ ಎಮ್ಮೆ ಕರು ಹಾಕುವಾಗ ಕೊಟ್ಟಿಗೆ ಕತ್ತಲೆ. ದೊಡ್ಡಮ್ಮನ ಲೆಕ್ಕ ಅದು.

ಕೊನೆಗೆ ಮಾಡಿದ್ದು ಇಷ್ಟು. ಮನೆಯಲ್ಲಿ ಮೊದಲೇ ಒಂದು ಯುಪಿಎಸ್, 150 ಆಂಪಿಯರ್-ಅವರ್‌ನ ಬ್ಯಾಟರಿ ಇತ್ತು. ಅದಕ್ಕೆ ಒಂದು ಪ್ಯಾನಲ್, ಪ್ಯಾನಲ್ಲಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ತುಂಬಿಸುವ ಒಂದು ಚಾರ್ಜ್ ಕಂಟ್ರೋಲರ್ ಸೇರಿಸಿದೆವು. ಇಂಥ ಜೋಡಣೆ ಈಗ ನಮ್ಮ ಹಳ್ಳಿಗಳಲ್ಲಿ ಸದ್ದಿಲ್ಲದೆ ಹಬ್ಬುತ್ತಿದೆ. ಸಬ್ಸಿಡಿ ಇಲ್ಲ, ಅರ್ಜಿ ಇಲ್ಲ, ಹಾಗಾಗಿ ಯಾರ ಪಟ್ಟಿಯಲ್ಲೂ ಇಲ್ಲ.

ಆದರೆ ಇದರಲ್ಲೂ ಮೋಸ ಹೋಗುವುದಿದೆ, ನಾವೂ ಹೋದೆವು. ಹಾಕಿಕೊಟ್ಟವರು 540 ವ್ಯಾಟಿನ ದೊಡ್ಡ ಪ್ಯಾನಲ್ ತಂದು ಕಡಿಮೆ ಬೆಲೆಯ ಕಂಟ್ರೋಲರಿಗೆ ಜೋಡಿಸಿ ದುಡ್ಡು ತಗೊಂಡು ಹೋದರು. ದಿನವಿಡೀ ಬಿಸಿಲು ಬಿದ್ದರೂ ಬ್ಯಾಟರಿ ತುಂಬುತ್ತಿರಲಿಲ್ಲ. ಫೋನ್ ಮಾಡಿದರೆ ನಾಳೆ ಬರ್ತೀವಿ ಅನ್ನುವ ಉತ್ತರ. ಎಂಟು ತಿಂಗಳು ಹೀಗೇ ಕಳೆಯಿತು. ಹೊಳಲ್ಕೆರೆಯಲ್ಲಿ ಮೋಟರ್ ವೈಂಡಿಂಗ್ ಮಾಡುವ ಒಬ್ಬ ಹುಡುಗ ಬಂದು ಐದು ನಿಮಿಷದಲ್ಲಿ ಕಾರಣ ಹೇಳಿದ. ಆ ಪ್ಯಾನಲ್ 40 ವೋಲ್ಟಿನ ಸುತ್ತಮುತ್ತ ಕೆಲಸ ಮಾಡುವಂಥದ್ದು, 13 ಆಂಪಿಯರ್ ಕೊಡುತ್ತದೆ. ಹಳೇ ಮಾದರಿಯ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕೂರಿಸುತ್ತದೆ. 13 ಆಂಪಿಯರ್ ಹಾಗೇ ಬರುತ್ತದೆ, ವೋಲ್ಟ್ ಮಾತ್ರ ವ್ಯರ್ಥ. 540 ವ್ಯಾಟ್ ಬರಬೇಕಾದ ಕಡೆ ಬರುವುದು 170, 175. ಮೂರರಲ್ಲಿ ಎರಡು ಪಾಲು ಬಿಸಿಲು ದಂಡ. ಎಂಪಿಪಿಟಿ ಅನ್ನುವ ಕಂಟ್ರೋಲರ್ ಹಾಕಿದರೆ ಅದು ಹೆಚ್ಚಿನ ವೋಲ್ಟನ್ನು ಆಂಪಿಯರಾಗಿ ಬದಲಾಯಿಸಿ ಬ್ಯಾಟರಿಗೆ ಕೊಡುತ್ತದೆ. ಬೆಲೆ ಸ್ವಲ್ಪ ಜಾಸ್ತಿ. ಹಾಕಿಸಿದೆವು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೇ ಬ್ಯಾಟರಿ ತುಂಬಿತ್ತು.

ಆ ಹುಡುಗ ಯಾವ ಸೋಲಾರ್ ಕಂಪನಿಯಲ್ಲೂ ಕೆಲಸ ಮಾಡಿಲ್ಲ. ಬೋರ್‌ವೆಲ್ ಮೋಟರ್, ಸ್ಟಾರ್ಟರ್ ಬಿಚ್ಚಿ ಜೋಡಿಸಿ ಕಲಿತವನು. ಅವನಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಕೇಂದ್ರ ಸರ್ಕಾರದ್ದೇ ‘ಸೂರ್ಯಮಿತ್ರ’ ಅನ್ನುವ ತರಬೇತಿ ಹತ್ತು ವರ್ಷದಿಂದ ಇದೆ. ಅದು ಇಂಥವರ ಅಂಗಡಿ ಬಾಗಿಲಿಗೆ ಬರಬೇಕು. ಮನೆಯವರು ಸೋಲಾರ್ ನಂಬುವುದು ಕಂಪನಿಯ ಹೆಸರು ನೋಡಿಯಲ್ಲ, ಕೆಟ್ಟರೆ ಸಂಜೆಯೊಳಗೆ ಬೈಕ್ ಹತ್ತಿ ಬರುವವನು ಇದ್ದಾನಾ ಅಂತ ನೋಡಿ. ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಶುರುಮಾಡಿ ಕರ್ನಾಟಕದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಕೊಟ್ಟಾಗ ಬ್ಯಾಂಕ್ ಸಾಲದ ಜೊತೆಗೆ ಊರ ಹತ್ತಿರದಲ್ಲೇ ಸರ್ವಿಸ್ ಸಿಗುವ ಹಾಗೆ ಮಾಡಿದ್ದರು. ಮೂವತ್ತು ವರ್ಷದ ಹಿಂದಿನ ಈ ಪಾಠವನ್ನು ಇವತ್ತಿನ ದೊಡ್ಡ ಯೋಜನೆಗಳು ಮರೆತ ಹಾಗಿದೆ.

ಟೆರೇಸ್ ಬಗ್ಗೆಯೂ ಒಂದು ಮಾತು ಹೇಳಬೇಕು. ಯೋಜನೆಯ ಕಣ್ಣಿಗೆ ಟೆರೇಸ್ ಅಂದರೆ ಖಾಲಿ ಜಾಗ. ನಮ್ಮ ಮನೆಗಳಲ್ಲಿ ಅದು ಖಾಲಿ ಇರುವುದೇ ಇಲ್ಲ. ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳ, ಒಣಮೆಣಸಿನಕಾಯಿ. ಸುಗ್ಗಿಯಲ್ಲಿ ಮೆಕ್ಕೆಜೋಳ, ಕಡಲೆಕಾಯಿ. ರಾತ್ರಿ ಸೆಖೆ ತಡೆಯದೆ ಚಾಪೆ ಹಾಸಿ ಮಲಗುವ ಜಾಗವೂ ಅದೇ. 3 ಕಿಲೋವ್ಯಾಟ್‌ಗೆ ಆರು ದೊಡ್ಡ ಪ್ಯಾನಲ್, 160 ಚದರ ಅಡಿಗೂ ಜಾಸ್ತಿ ಜಾಗ. ಹೆಂಗಸರು ಬೇಡ ಅಂದರೆ ಅದಕ್ಕೆ ಕಾರಣ ಇದೆ. ಅದಕ್ಕೇ ಈಗ ಏಳೆಂಟು ಅಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಕಟ್ಟಿಸಿ ಮೇಲೆ ಪ್ಯಾನಲ್, ಕೆಳಗೆ ನೆರಳು ಅನ್ನುವ ಏರ್ಪಾಡು ಬಂದಿದೆ. ಕೆಳಗೆ ಬಟ್ಟೆ ಒಣಗುತ್ತದೆ, ತೊಟ್ಟಿಲು ಕಟ್ಟಬಹುದು, ಕೆಳಗಿನ ಕೋಣೆಯೂ ಸ್ವಲ್ಪ ತಂಪು. ಸಂಡಿಗೆಗೆ ಬಿಸಿಲು ಬೇಕಲ್ಲ, ಅದಕ್ಕೆ ಪೂರ್ವದ ಕಡೆ ಒಂದು ಪಟ್ಟಿ ಜಾಗ ಬಿಟ್ಟುಕೊಳ್ಳುತ್ತಾರೆ.

ಎತ್ತರಕ್ಕೆ ಹೋದಷ್ಟೂ ಗಾಳಿಯ ಹೊಡೆತ ಜಾಸ್ತಿ. ಇದು ದುರ್ಗ, ನೆನಪಿರಲಿ. ಆಷಾಢದ ಗಾಳಿಗೆ ತಗಡು ಹಾರುವ ಊರು. ಒಂದು ಪ್ಯಾನಲ್ ಸುಮಾರು 28 ಕೆ.ಜಿ. ತೂಗುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಅದಕ್ಕೆ ನೇರ ಬಡಿದರೆ ಬೀಳುವ ಒತ್ತಡ 100 ಕೆ.ಜಿ.ಗೂ ಮೇಲೆ. ಆರು ಪ್ಯಾನಲ್‌ಗೆ ಲೆಕ್ಕ ಹಾಕಿ. ಅಡ್ಡಪಟ್ಟಿ, ಓರೆ ಆಸರೆ ಇಲ್ಲದ ತೆಳ್ಳನೆಯ ಕಾಲು ಕೊಟ್ಟು ದುಡ್ಡು ಉಳಿಸಿದೆವು ಅನ್ನುವವರ ಮಾತು ಕೇಳಬೇಡಿ. ಟೆರೇಸಿಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಮಳೆಗಾಲದಲ್ಲಿ ಸೋರುವ ಭಯ ಇದೆ. ಹಾಗಾಗಿ ಕಾಂಕ್ರೀಟಿನ ದಿಮ್ಮಿ ಹಾಕಿ ಅದರಲ್ಲಿ ಕಾಲು ನಿಲ್ಲಿಸುವುದು ಒಳ್ಳೆಯದು. ದಿಮ್ಮಿ ಎಷ್ಟು ಭಾರ ಇರಬೇಕು ಅಂತ ಗಾಳಿ ಲೆಕ್ಕ ಗೊತ್ತಿರುವವರನ್ನೇ ಕೇಳಬೇಕು. ಮಣ್ಣಿನ ಮಾಳಿಗೆಗೆ ಇದ್ಯಾವುದೂ ಆಗುವುದಿಲ್ಲ. ದೊಡ್ಡಮ್ಮನ ಮನೆಯ ಪ್ಯಾನಲ್ಲನ್ನು ಹಿಂದಿನ ಆರ್‌ಸಿಸಿ ಮೇಲೆ ಹಾಕಿದ್ದು ಅದಕ್ಕೇ.

ನೆರಳಿನದು ಇನ್ನೊಂದು ಕತೆ. ಪ್ಯಾನಲ್‌ಗಳನ್ನು ಒಂದಕ್ಕೊಂದು ಸರಪಳಿ ಹಾಗೆ ಜೋಡಿಸಿರುತ್ತಾರೆ. ನೀರಿನ ಪೈಪನ್ನು ಒಂದು ಕಡೆ ಮಡಚಿದರೆ ಕೊನೆಯಲ್ಲಿ ನೀರು ಸಣ್ಣಗಾಗುತ್ತದಲ್ಲ, ಹಾಗೆ ಒಂದು ಪ್ಯಾನಲ್ ಮೇಲೆ ಸಿಂಟೆಕ್ಸ್ ಟ್ಯಾಂಕಿನ ನೆರಳು ಬಿದ್ದರೂ ಉಳಿದವುಗಳ ಕರೆಂಟೂ ಇಳಿಯಬಹುದು. ಹಾಕಿಸುವ ಮೊದಲು ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ಮೇಲೆ ಹತ್ತಿ ನೆರಳು ಎಲ್ಲಿಗೆ ಬರುತ್ತದೆ ನೋಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಆಗ ತೆಂಗಿನ ಮರದ ನೆರಳು ಇನ್ನೂ ಉದ್ದ. ನಮ್ಮ ಎರಡೂ ಊರು 14 ಡಿಗ್ರಿ ಅಕ್ಷಾಂಶದ ಆಸುಪಾಸು ಇವೆ. ದಕ್ಷಿಣಕ್ಕೆ ಅಷ್ಟೇ ಓರೆ ಕೊಟ್ಟರೆ ವರ್ಷಪೂರ್ತಿಗೆ ಒಳ್ಳೆಯದು.

ಧೂಳಿಗೆ ಬರೋಣ. ದಾವಣಗೆರೆಯಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ, ಮಂಡಕ್ಕಿ ಭಟ್ಟಿಯ ಹೊಗೆ. ಒಣಹಾಕಿದ ಬಿಳಿ ಬಟ್ಟೆ ನೋಡಿದರೆ ಗೊತ್ತಾಗುತ್ತದೆ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಕೆಂಧೂಳು. ಹತ್ತು ಹದಿನೈದು ದಿನಕ್ಕೊಮ್ಮೆ ಒರೆಸಲೇಬೇಕು. ಬೆಳಿಗ್ಗೆ ಬೇಗ ಒರೆಸಿ, ಕಾದ ಗಾಜಿಗೆ ತಣ್ಣೀರು ಹಾಕಬೇಡಿ. ಗಡಸು ನೀರು ಸುರಿದು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂತು ಧೂಳಿಗಿಂತ ಕಷ್ಟ. ಮಳೆ ನೀರು ಹಿಡಿದಿಟ್ಟಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಬಿಸಿಲು ಜಾಸ್ತಿ ಆದಷ್ಟೂ ಕರೆಂಟ್ ಜಾಸ್ತಿ ಅಂತ ಅಂದುಕೊಳ್ಳುತ್ತೇವೆ, ಪೂರ್ತಿ ನಿಜ ಅಲ್ಲ ಅದು. ಪ್ಯಾನಲ್ಲಿಗೆ ಬೇಕಾದ್ದು ಬೆಳಕು. ಬಿಸಿ ಅದಕ್ಕೆ ಆಗುವುದಿಲ್ಲ. 25 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೆ ಶೇ 0.4ರ ಹತ್ತಿರ ಕರೆಂಟ್ ಕಡಿಮೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನಲ್ಲೇ 60 ಡಿಗ್ರಿ ಕಾದಿರುತ್ತದೆ, ಅಂದರೆ ಶೇ 14 ನಷ್ಟ. ಕೆಳಗೆ ಗಾಳಿ ಆಡಲು ಜಾಗ ಬಿಡಬೇಕು ಅನ್ನುವುದು ಇದಕ್ಕೇ.

ಗಾಳಿಯ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ದುರ್ಗದ ಸುತ್ತಲ ಗುಡ್ಡಗಳ ತುಂಬಾ ಗಾಳಿ ಫ್ಯಾನುಗಳಿವೆ. ನಮ್ಮ ಮನೆ ಮೇಲೂ ಒಂದು ಸಣ್ಣದು ಹಾಕಬಾರದಾ? ಬೇಡ. ಗಾಳಿಯ ವೇಗ ಅರ್ಧ ಆದರೆ ಅದರಲ್ಲಿನ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಗುಡ್ಡದ ನೆತ್ತಿಯ ಮೇಲೆ ಎತ್ತರದ ಕಂಬದಲ್ಲಿ ಬೀಸುವ ಗಾಳಿ ಬೇರೆ, ಮನೆ ಮರಗಳಿಗೆ ಬಡಿದು ಸುತ್ತಿ ಬರುವ ಗಾಳಿ ಬೇರೆ. ಎರಡು ಮೀಟರ್ ಅಗಲದ ಫ್ಯಾನು ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ 35 ವ್ಯಾಟ್ ಕೊಟ್ಟರೆ ಹೆಚ್ಚು. ಮೂರ್ನಾಲ್ಕು ಎಲ್‌ಇಡಿ ಬಲ್ಬಿಗೆ ಸಾಕು, ಅಷ್ಟೇ. ಸದ್ದು, ಅದುರುವುದು ಬೇರೆ.

ಗೋಬರ್ ಗ್ಯಾಸ್ ಬಗ್ಗೆ ಬರೆಯದಿದ್ದರೆ ಹಳ್ಳಿಯ ಚಿತ್ರ ಪೂರ್ತಿಯಾಗುವುದಿಲ್ಲ. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಗುಂಡಿಗೆ ದಿನಾ 50 ಕೆ.ಜಿ. ಸಗಣಿ ಬೇಕು, ಅಷ್ಟೇ ನೀರೂ ಬೇಕು. ಅಂದರೆ ನಾಲ್ಕೈದು ದನ. ಸರಿಯಾಗಿ ನಡೆದರೆ ತಿಂಗಳಿಗೆ ಹೆಚ್ಚುಕಡಿಮೆ ಎರಡು ಸಿಲಿಂಡರಿನಷ್ಟು ಗ್ಯಾಸ್. ಆದರೆ ಟ್ರ್ಯಾಕ್ಟರ್ ಬಂದು ಎತ್ತು ಹೋದವು, ದನ ಎರಡು ಮೂರಕ್ಕೆ ಇಳಿದವು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕುರಿ ಜಾಸ್ತಿ, ಹಿಕ್ಕೆ ಈ ಗುಂಡಿಗೆ ಸುಲಭಕ್ಕೆ ಒಗ್ಗುವುದಿಲ್ಲ. ಸಗಣಿ ಹೊತ್ತು ಕಲಸುವ ಕೆಲಸ ಯಾವಾಗಲೂ ಹೆಂಗಸರದ್ದೇ. ಸಿಲಿಂಡರ್ ಬಂದ ಮೇಲೆ ಅವರು ಇದನ್ನು ಬಿಟ್ಟರು, ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟದ ಮನೆಗಳಲ್ಲಿ ಮಾತ್ರ ಇನ್ನೂ ಕೆಲವು ಗುಂಡಿ ಜೀವಂತ ಇವೆ. ಅಲ್ಲಿ ಗ್ಯಾಸಿಗಿಂತ ಸ್ಲರಿ, ಅಂದರೆ ಗ್ಯಾಸ್ ಬಂದ ಮೇಲೆ ಉಳಿಯುವ ಸಗಣಿ ಬಗ್ಗಡ, ಮುಖ್ಯ. ಅದು ಸೀದಾ ಅಡಿಕೆ ಬುಡಕ್ಕೆ ಹೋಗುತ್ತದೆ. ಒಲೆ ಉರಿಯುವುದು ಮೇಲೆ ಸಿಕ್ಕಿದ ಲಾಭ.

ಮೊಳಕಾಲ್ಮೂರಿನ ಮಗ್ಗದ ಮನೆಯನ್ನು ನೆನೆಸಿಕೊಳ್ಳಿ. ಮಗ್ಗ ಕೈಕಾಲಿನಿಂದ ನಡೆಯುತ್ತದೆ, ಕರೆಂಟ್ ಬೇಡ. ಆದರೆ ರೇಷ್ಮೆ ಎಳೆ ಕಣ್ಣಿಗೆ ಕಾಣಬೇಕು, ಕಂಡಿಕೆಗೆ ನೂಲು ಸುತ್ತಬೇಕು. ಮೋಡದ ದಿನ ಕರೆಂಟ್ ಹೋದರೆ ಒಂದು ಎಲ್‌ಇಡಿ, ಒಂದು ಪುಟ್ಟ ಮೋಟರ್ ಇಲ್ಲದೆ ಅರ್ಧ ದಿನದ ಕೂಲಿ ಹೋಗುತ್ತದೆ. ಆ ಮನೆಗೆ ಬೇಕಾದದ್ದು 100 ವ್ಯಾಟಿನ ಪ್ಯಾನಲ್, ಒಂದು ಬ್ಯಾಟರಿ. ಸೂರ್ಯ ಘರ್ ಪಟ್ಟಿಯಲ್ಲಿ ಅಷ್ಟು ಸಣ್ಣದಕ್ಕೆ ಜಾಗವೇ ಇಲ್ಲ. ಬಿಲ್ ಸೊನ್ನೆ ಇರುವ ಮನೆಗಳಿಗೆ ಇಂಥ ಸಣ್ಣ, ಬ್ಯಾಟರಿ ಇರುವ ಜೋಡಣೆಗೆ ಸಾಲವೋ ಸಹಾಯಧನವೋ ಸಿಗಬೇಕು ಅನ್ನುವುದು ನನ್ನ ಬಲವಾದ ಅನಿಸಿಕೆ. 3 ಕಿಲೋವ್ಯಾಟಿಗೆ ಕೊಡುವ ₹78,000ದಲ್ಲಿ ಇಂಥ ನಾಲ್ಕೈದು ಮನೆಗೆ ಬೆಳಕು ಕೊಡಬಹುದು.

ಕಳೆದ ತಿಂಗಳು ದೊಡ್ಡಮ್ಮನ ಮನೆಗೆ ಹೋಗಿದ್ದೆ. ಕಂಟ್ರೋಲರನ್ನು ನಡುಮನೆಯ ಗೋಡೆಗೆ, ದೇವರ ಗೂಡಿನ ಪಕ್ಕ ಹಾಕಿದ್ದಾರೆ. ಅದರಲ್ಲಿ ಬ್ಯಾಟರಿಯ ವೋಲ್ಟ್ ಕಾಣುತ್ತದೆ, ಬ್ಯಾಟರಿ ಖಾಲಿಯಾದಷ್ಟೂ ಆ ಅಂಕಿ ಇಳಿಯುತ್ತದೆ. ದೊಡ್ಡಮ್ಮನಿಗೆ ಅಕ್ಷರ ಬರುವುದಿಲ್ಲ, ಅಂಕಿ ಚೆನ್ನಾಗಿ ಬರುತ್ತದೆ. ಡೈರಿಗೆ ಹಾಲು ಹಾಕಿ ಲೀಟರು, ಫ್ಯಾಟು ಓದಿ ಓದಿ ಅಭ್ಯಾಸ. ಬ್ಯಾಟರಿಗೆ ಬೋರ್ ನೀರು ಹಾಕಬಾರದು, ಡಿಸ್ಟಿಲ್ಡ್ ವಾಟರೇ ಆಗಬೇಕು ಅನ್ನುವುದನ್ನು ಬಾಯಿಪಾಠ ಮಾಡಿಕೊಂಡಿದ್ದಾಳೆ. ಬಿದಿರು ಕೋಲಿಗೆ ಹಳೇ ಕಾಟನ್ ಸೀರೆ ಸುತ್ತಿ ಪ್ಯಾನಲ್ ಒರೆಸುವ ಕೋಲು ಮಾಡಿಟ್ಟಿದ್ದಾಳೆ.

ಅವತ್ತು ಸಂಜೆಯಿಂದ ಕರೆಂಟ್ ಇರಲಿಲ್ಲ. ಎಮ್ಮೆಗೆ ದಿನ ತುಂಬಿತ್ತು. ಎಂಟೂವರೆ ಹೊತ್ತಿಗೆ ಎಲ್ಲರೂ ಧಾರಾವಾಹಿ ನೋಡುತ್ತಾ ಕೂತಿದ್ದೆವು. ದೊಡ್ಡಮ್ಮ ಎದ್ದು ಗೋಡೆ ಹತ್ತಿರ ಹೋಗಿ ನೋಡಿದಳು. 12.1 ತೋರಿಸುತ್ತಿತ್ತು. ‘ಹನ್ನೆರಡೂಕಾಲಿನ ಕೆಳಗೆ ಬಂತು’ ಅಂದವಳೇ ಟಿವಿ ಆರಿಸಿದಳು. ಅತ್ತಿಗೆ ‘ಇನ್ನೊಂದ್ ಹತ್ತು ನಿಮಿಷ ಅತ್ತೇ’ ಅಂದರು. ‘ಕೊಟ್ಟಿಗೆ ಲೈಟಿಗೆ ಬೇಕು ಕಣೇ’ ಅಂತ ಟಾರ್ಚ್ ಹಿಡಿದು ಹಿಂದಿನ ಬಾಗಿಲಿಗೆ ನಡೆದಳು. ಆ ರಾತ್ರಿ ಎರಡು ಗಂಟೆಗೆ ಎಮ್ಮೆ ಕರು ಹಾಕಿತು. ಲೈಟ್ ಉರಿಯುತ್ತಿತ್ತು.